ಬರೀ ಎಣ್ಣೆ ಮೂಸಿ ಹೊಗಳಿದ ದಿನ

ರಸೆಲ್ ಮಾರುಕಟ್ಟೆ ಹತ್ತಿರದ ಅತ್ತರಿನಂಗಡಿಯಲ್ಲಿ ವಯಸ್ಸಾದ ಸಾಹೇಬರು ನನ್ನ ಮುಂಗೈಗೆ ಒಂದು ಹನಿ ಸವರಿದರು. ತಮ್ಮನ ಮದುವೆಗೆ ಉಡುಗೊರೆ ಬೇಕಿತ್ತು. ಮೂಸಿ, "ಭಾಳ ಚಲೋ ಅದರಿ, ಇದನ್ನೇ ಕೊಡ್ರಿ" ಎಂದೆ.

ಸಾಹೇಬರು ಸೀಸೆಯ ಮುಚ್ಚಳ ಹಾಕಿದರು. "ಅದು ಬರೀ ಎಣ್ಣೆ ಅಮ್ಮಾ, ಅತ್ತರ್ ಇನ್ನೂ ಬೆರೆಸಿಲ್ಲ. ನೀವು ಬಾಯಲ್ಲಿ ಉಸಿರಾಡೋದು ನೋಡಿ ಸುಮ್ನೆ ಹಚ್ಚಿದೆ. ಸೈನಸ್ಸಾ?"

ನಾಚುತ್ತಲೇ ಹೌದೆಂದು ತಲೆಯಾಡಿಸಿದೆ. ಆ ವರ್ಷ ಸೈನಸ್ ಕಾಡಿದ್ದು ಅದು ನಾಲ್ಕನೇ ಸಲ. ಮಾತ್ರೆ ಮುಗಿಸಿದರೆ ಹದಿನೈದು ದಿನ ಆರಾಮ, ಮತ್ತೆ ಹಣೆ ಭಾರ, ಮೂಗು ಬಂದ್. ರಾಯಚೂರಿನಿಂದ ಬಂದು ಲಿಂಗರಾಜಪುರದ ಮೆಸ್ಸೊಂದರಲ್ಲಿ ಅಡುಗೆ ಮಾಡುವವಳು ನಾನು. ಒಗ್ಗರಣೆ ಸೀದರೂ ನನಗೆ ತಿಳಿಯುವುದಿಲ್ಲ ಎಂದು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೆಲಸ ಹೋದೀತೆಂಬ ಭಯ.

"ನಂಗೂ ಅದೇ ಕಾಯಿಲೆ. ಮೂಗು ಕಟ್ಟಿದ ದಿನ ಗಿರಾಕಿಗೆ ಹೇಳ್ಬಿಡ್ತೀನಿ, ಇವತ್ತು ನನ್ನ ನಂಬಬೇಡಿ, ಪಕ್ಕದಂಗ್ಡೀಗೆ ಹೋಗಿ ಅಂತ." ಮೂಗಿನಿಂದಲೇ ಹೊಟ್ಟೆ ಹೊರೆಯುವ ಮನುಷ್ಯ ನಗುತ್ತಾ ಹೇಳಿದ ಮಾತಿದು. ನನಗೂ ಅಂದು ಅತ್ತರು ಮಾರಲಿಲ್ಲ. "ಮೂಗು ಬಿಟ್ಮೇಲೆ ಬನ್ನಿ" ಎಂದು ಕಳಿಸಿದರು.

ಮರುದಿನ ಒಲೆ ಹಚ್ಚುವ ಮೊದಲು ಮೆಸ್ಸಿನ ಮಾಲೀಕರನ್ನು ಕರೆದೆ. "ಅಣ್ಣಾರ, ನನಗ ವಾಸ್ನಿ ಬರವಲ್ದು. ಗ್ಯಾಸ್ ಸೋರ್ಲಿಕತ್ತದೇನು, ನೀವೊಮ್ಮೆ ನೋಡ್ರಿ." ಅವರು ಬಯ್ಯಲಿಲ್ಲ, ಬಗ್ಗಿ ಮೂಸಿದರು. ಅಂದಿನಿಂದ ಮೂಗು ಕಟ್ಟಿದ ದಿನ, ಬೇರೊಬ್ಬರು ಮೂಸಿ ನೋಡುವ ತನಕ ನಾನು ಕಡ್ಡಿ ಗೀರುವುದಿಲ್ಲ.