ನೀಲಿ ಮನೆಗೆ ಬಳಿದ ಕೆಂಪು

೨೦೦೯ರ ಜನವರಿ ಹನ್ನೆರಡರ ಸೋಮವಾರ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದೂವರೆಯೊಳಗೆ, ಮಲಕ್ಕಾದ ನಮ್ಮ ಬೀದಿಯ ಎಪ್ಪತ್ತೊಂದನೆಯ ಅಂಗಡಿಮನೆಗೆ ಒಡತಿಯನ್ನು ಕೇಳದೆ ಕೆಂಪು ಬಣ್ಣ ಬಳಿಯಲಾಯಿತು. ಬಳಿಸಿದವರು ಬೀದಿಯ ಅಲಂಕಾರ ಸಮಿತಿಯವರು. ಚೀನೀ ಹೊಸ ವರ್ಷಕ್ಕೆ ಹದಿನಾಲ್ಕು ದಿನ ಉಳಿದಿತ್ತು. ಪ್ರವಾಸಿಗಳಿಗೆ ಸಾಲುಮನೆಗಳೆಲ್ಲ ರಂಗಾಗಿ ಕಾಣಬೇಕಿತ್ತು.

ನಾನು ಕಟ್ಟಡ ತಪಾಸಣೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಎದುರು ಮನೆಯಲ್ಲೇ ವಾಸ. ಇಲ್ಲಿ ಬರೆದಿರುವುದೆಲ್ಲ ಕಂಡದ್ದು ಅಥವಾ ಕಿವಿಯಾರೆ ಕೇಳಿದ್ದು.

ಒಡತಿ ಸಿಮ್ ಬೀ ನಿಯೋ. ಬೀದಿಯವರೆಲ್ಲ ಗೌರವದಿಂದ ಬೀಬಿಕ್ ಎನ್ನುತ್ತಾರೆ. ೧೯೫೫ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ಹದಿನೇಳಡಿ ಅಗಲದ ಆ ಮನೆಗೆ ಸೊಸೆಯಾಗಿ ಬಂದರು. ನಡುವಿನ ತೆರೆದಂಗಳದ ಬೆಳಕಿನಲ್ಲಿ ಕುಳಿತು ಮಣಿಚಪ್ಪಲಿ ಹೊಲಿದರು. ಒಂದು ಜೊತೆಗೆ ಎರಡು ತಿಂಗಳು ಬೇಕು. ಜಗಲಿಯ ಕಂಬಗಳಿಗೆ ಪ್ರತಿವರ್ಷ ತಾವೇ ಎದುರು ನಿಂತು ಸುಣ್ಣ ಹೊಡೆಸುತ್ತಿದ್ದರು. ಗೋಡೆ ಉಸಿರಾಡಬೇಕು, ಪ್ಲಾಸ್ಟಿಕ್ ಬಣ್ಣ ಕೂಡದು ಎಂದು ತಪಾಸಕನಾದ ನನಗೇ ಪಾಠ ಹೇಳಿದವರು. ಬಣ್ಣವೆಂದರೆ ಅವರಿಗೆ ಆಗದು ಎಂದಲ್ಲ. ಕಿಟಕಿಯ ಮೇಲಿನ ಗಾರೆಯ ಹೂಗಳಿಗೆ ಗುಲಾಬಿ, ಹಕ್ಕಿಗಳಿಗೆ ಎಲೆಹಸಿರು ಆರಿಸಿದವರೂ ಅವರೇ.

೨೦೦೭ರ ಮೇ ಮೂರರಂದು ಪತಿ ಕೊಹ್ ಸೂನ್ ಲ್ಯಾಟ್ ತೀರಿಕೊಂಡರು. ಆ ಮನೆತನದಲ್ಲಿ ಶೋಕ ಮೂರು ವರ್ಷ: ಮೊದಲು ಕಪ್ಪು, ಆಮೇಲೆ ನೀಲಿ, ಕೊನೆಗೆ ಹಸಿರು. ಉಡುಪಿಗೂ ಬಾಗಿಲ ಮೇಲಿನ ಬಟ್ಟೆಗೂ ಇದೇ ನಿಯಮ. ಕೆಂಪು ಹತ್ತಿರ ಸುಳಿಯುವಂತಿಲ್ಲ. ಎರಡನೆಯ ವರ್ಷ ಹಿಡಿದಾಗ ಬೀ ನಿಯೋ ಕಂಬಗಳಿಗೂ ನೀಲಿ ಬೆರೆಸಿದ ಸುಣ್ಣವನ್ನೇ ಹೊಡೆಸಿದರು.

ಬಣ್ಣದವರು ಬಂದಾಗ ಬೀ ನಿಯೋ ಮೀನಿನ ಮಾರುಕಟ್ಟೆಗೆ ಹೋಗಿದ್ದರು. ತಡೆಯಲು ಹೋದ ನನಗೆ ಮೇಸ್ತ್ರಿ ರೊಸ್ಲಿ ಸಮಿತಿಯ ಪಟ್ಟಿ ತೋರಿಸಿದ. ಎಪ್ಪತ್ತೊಂದು, ಕೆಂಪು ಎಂದಿತ್ತು. ಅವರು ಹಿಂತಿರುಗುವಷ್ಟರಲ್ಲಿ ಬಾಗಿಲೂ ಮುಗಿದಿತ್ತು.

"ಬೀದಿಗೆ ಬೀದಿಯೇ ನಗ್ತಾ ಇದೆ ಬೀಬಿಕ್, ನಿಮ್ ಮನೆ ಒಂದೇ ಅಳುಮೋರೆ ಹಾಕ್ಕೊಂಡಿತ್ತು," ಎಂದ ರೊಸ್ಲಿ, ಮೆಚ್ಚುಗೆಗೆ ಕಾದವನಂತೆ.

"ಅಳಲಿ ಅಂತಾನೇ ಹೊಡೆಸಿದ್ದು ಕಣಪ್ಪ," ಎಂದರು ಬೀ ನಿಯೋ. "ಇನ್ನೂ ಒಂದು ವರ್ಷ ಚಿಲ್ರೆ ಅಳೋದಿತ್ತು."

ಆ ಸಂಜೆ ನಾದಿನಿ ಗೆಕ್ ಪೋ ಬಂದು ಜಗಲಿಯಲ್ಲೇ ನಿಂತರು. "ಅಣ್ಣ ಇಷ್ಟು ಬೇಗ ಸಾಕಾದ್ನಾ ಅತ್ತಿಗೆ? ಮೊದಲೇ ಹೇಳಿದ್ರೆ ನಾವೂ ಕೆಂಪುಟ್ಟು ಬರ್ತಿದ್ವಿ."

ಪಟ್ಟಿಯ ಸಂಗತಿ ಹೇಳಿದರೂ ಆಕೆ ನಂಬಲಿಲ್ಲ. ಕೇಳದೆ ಯಾರಾದರೂ ಪರರ ಬಾಗಿಲಿಗೆ ಬಣ್ಣ ಬಳಿಯುತ್ತಾರೆಯೇ ಎಂದರು. ಪ್ರಶ್ನೆ ನ್ಯಾಯವಾದದ್ದೇ. ಈ ಮೇ ಮೂರರ ಎಡೆಗೆ ಗಂಡನ ಕಡೆಯವರು ಯಾರೂ ಬರುವುದಿಲ್ಲವೆಂದು ತಿಳಿಸಿ ಹೋದರು. ಅಂದಿನಿಂದ ಬೀ ನಿಯೋ ಮುಂಬಾಗಿಲು ತೆರೆದಿಲ್ಲ. ಹಿಂದಿನ ಓಣಿಯಿಂದಲೇ ಓಡಾಟ.

ಜನವರಿ ಹದಿನಾಲ್ಕರಂದೂ ಫೆಬ್ರವರಿ ಎರಡರಂದೂ ನಾನು ಸಮಿತಿಗೆ ಬರೆದೆ. ಇಪ್ಪತ್ತಕ್ಕೆ ಒಂದೇ ಸಾಲಿನ ಉತ್ತರ ಬಂತು: ಕೆಂಪು ಶುಭಸೂಚಕ.

ಸಮಿತಿಯ ಅಧ್ಯಕ್ಷರೇ, ಸದಸ್ಯರೇ, ಏಪ್ರಿಲ್ ಮೂವತ್ತರೊಳಗೆ ಆ ಕೆಂಪನ್ನು ಕೆರೆಸಿ ನೀಲಿ ಸುಣ್ಣ ಹೊಡೆಸಿರಿ. ಅದಕ್ಕೂ ಮೊದಲು ಗೆಕ್ ಪೋ ಅವರ ಮನೆಗೆ ನೀವೇ ಹೋಗಿ, ತಪ್ಪು ನಮ್ಮದು, ನಿಮ್ಮ ಅತ್ತಿಗೆಯದಲ್ಲ ಎಂದು ಬಾಯಿಬಿಟ್ಟು ಹೇಳಿರಿ.