ಮಗಳ ಮುಡಿ

ಟ್ರಾಕ್ಟರು ಮನೆ ಮುಂದೆ ಬಂದರೆ ಮಗಳು ಬಾಗಿಲಿಗೆ ಓಡುತ್ತಿದ್ದಳು. ನಮ್ಮತ್ತೆ ಅದನ್ನೇ ಹಿಡಿದುಕೊಂಡು, "ಕಿವಿ ಕೇಳ್ದೆ ಅಂಗೆ ಓಡ್ತದಾ? ನಿಂಗೆ ಅನುಮಾನದ ರೋಗ ಕಣಮ್ಮಿ" ಎನ್ನುತ್ತಿದ್ದರು. ಆದರೆ ಬೆನ್ನ ಹಿಂದೆ ನಿಂತು ಎಷ್ಟು ಕೂಗಿದರೂ ಎರಡು ವರ್ಷದ ಕೂಸು ತಿರುಗುತ್ತಿರಲಿಲ್ಲ. ಹಟ ಮಾಡಿ ಅಕ್ಕಿಹೆಬ್ಬಾಳಿನಲ್ಲಿ ರೈಲು ಹತ್ತಿ ಮೈಸೂರಿಗೆ ಕರೆದೊಯ್ದೆ. ನಿದ್ದೆ ಮಾಡಿಸಿ ಪರೀಕ್ಷೆ ಮಾಡಿದ ಡಾಕ್ಟರಮ್ಮ, ಅವಳು ಓಡುತ್ತಿದ್ದದ್ದು ನೆಲ ಅದುರುವುದಕ್ಕೆ ಎಂದರು. ಕೆಲವು ವಾರದ ಮೇಲೆ ಎರಡೂ ಕಿವಿಗೆ ಮಿಷನ್ನು ಬಂತು. "ಎಚ್ಚರ ಇರುವಷ್ಟು ಹೊತ್ತೂ ಕಿವಿಯಲ್ಲೇ ಇರಲಿ. ಕೇಳಿಸಿದರೆ ತಾನೆ ಮಾತು ಬರೋದು" ಎಂದರು ಡಾಕ್ಟರಮ್ಮ.

ಮನೆಯಲ್ಲಿ ಅದು ನಡೆಯಬೇಕಲ್ಲ! ನಾನು ಡೈರಿಗೆ ಹಾಲು ಹಾಕಲು ಹೋದಾಗ ನೆಂಟರು ಬಂದರೆ ಅತ್ತೆ ಮಿಷನ್ನು ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದರು. "ಕಿವುಡಿ ಅಂತ ಎಸ್ರು ಬಿದ್ರೆ ನಾಳೆ ಯಾವನು ಕಟ್ಕತಾನೆ?" ನನಗೆ ಮೈಯೆಲ್ಲ ಉರಿಯುತ್ತಿತ್ತು. "ಮೊದ್ಲು ಮಾತು ಬರ್ಲಿ, ಮದ್ವೆ ಆಮೇಲೆ" ಎಂದು ಜಗಳಕ್ಕೆ ನಿಲ್ಲುತ್ತಿದ್ದೆ. ಕೊನೆಗೆ ಮಿಷನ್ನು ಮುಚ್ಚುವಷ್ಟು ಕೂದಲು ಬಿಡುವುದೆಂದು ರಾಜಿಯಾಯಿತು.

ಒಂದು ಮಧ್ಯಾಹ್ನ ಅತ್ತೆ ಮುದ್ದೆ ತಿರುವುತ್ತಿದ್ದಾಗ ಮಗಳು ಅವರ ಸೆರಗು ಜಗ್ಗಿ "ಅಜ್ಜಿ" ಎಂದಳು. ಅತ್ತೆ ಅವಳನ್ನು ಎತ್ತಿಕೊಂಡು ಅತ್ತುಬಿಟ್ಟರು. ಮುದ್ದೆ ತಳ ಹತ್ತಿತು. ಆಗಲೇ ಬಾಯಿ ಬಿಟ್ಟದ್ದು: ಕೂಸು ಅಜ್ಜಿ ಅಂದರೆ ಮುಡಿ ಕೊಡಿಸುತ್ತೇನೆಂದು ಮನೆದೇವರಿಗೆ ಹರಕೆ ಹೊತ್ತಿದ್ದರಂತೆ! ಈಗ ಹರಕೆ ಅವರ ಕುತ್ತಿಗೆಗೇ ಬಂತು. ಕೂದಲು ಹೋದರೆ ಮಿಷನ್ನು ಊರಿಗೆಲ್ಲ ಕಾಣುತ್ತದೆ. ಹಬ್ಬ ಕಳೀಲಿ, ಬಿಸ್ಲು ಇಳೀಲಿ ಎಂದು ಮುಂದಕ್ಕೆ ಹಾಕುತ್ತಲೇ ಹೋದರು. "ದೇವ್ರ ಹತ್ರಾನೂ ಚೌಕಾಸಿನಾ ಅತ್ತೆ?" ಎಂದು ನಾನು ಕಿಚಾಯಿಸಿದ ಮೇಲೆ ದಿನ ಗೊತ್ತು ಮಾಡಿದರು.

ಹೇಮಾವತಿ ದಂಡೆಯಲ್ಲಿ ತಲೆ ನೆನೆಸುವ ಮೊದಲು ಮಿಷನ್ನು ತೆಗೆದು ಡಬ್ಬಿಗೆ ಹಾಕಿದೆ. ನಾವು ಎಷ್ಟು ಸಮಾಧಾನ ಹೇಳಿದರೂ ಅವಳಿಗೆ ಒಂದೂ ಕೇಳಿಸುತ್ತಿರಲಿಲ್ಲ. ನಮ್ಮ ಬಾಯಿಗಳನ್ನೇ ನೋಡುತ್ತಾ ಹೆದರಿ ಕಿರುಚಿದಳು. ನೋಡಲಾಗಲಿಲ್ಲ ನನಗೆ. ಮುಡಿ ತೆಗೆದಾದ ಮೇಲೆ ಸ್ನಾನ ಮಾಡಿಸಿ ಡಬ್ಬಿ ತೆಗೆದೆ. ಅತ್ತೆ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. ಸುತ್ತ ನೆಂಟರು ನಿಂತಿದ್ದರು. ಮುಗಿಯಿತು, ಮತ್ತೆ ಸೆರಗಿಗೇ ಎಂದುಕೊಂಡೆ.

ಅತ್ತೆ ಒದ್ದೆ ಮೆಟ್ಟಿಲ ಮೇಲೆ ಕೂತು, ಕೂಸನ್ನು ತೊಡೆಗೆ ಎಳೆದುಕೊಂಡು ಕಿವಿ ಒರೆಸಿದರು. ಅಭ್ಯಾಸವಿಲ್ಲದ ಕೈ, ಮಿಷನ್ನು ಸರಿಯಾಗಿ ಕೂರದೆ ಕುಂಯ್ ಎಂದಿತು. ಎಲ್ಲರೂ ತಿರುಗಿದರು. "ಅದೇನಕ್ಕಾ ಅದು, ಕೂಸಿನ ಕಿವೀಲಿ?" ಎಂದು ಒಬ್ಬಾಕೆ ಕೇಳಿಯೇಬಿಟ್ಟಳು.

ಅತ್ತೆ ಆಕೆಯ ಕಡೆ ನೋಡಲೂ ಇಲ್ಲ. ಮಿಷನ್ನು ಒತ್ತಿ ಕೂರಿಸಿ, "ಇನ್ನೊಂದು ಕಿವಿ ಕೊಡು ಮಗ" ಎಂದರು.

ಮಗಳು ಅಳು ನಿಲ್ಲಿಸಿ ಬೋಳು ತಲೆ ಹೊರಳಿಸಿದಳು.