ಜೀವ ಐತೇನ ಇದರಾಗ?

ಖಟ್-ಖಟ್, ಖಟ್-ಖಟ್ — ಇಚಲಕರಂಜಿಯಲ್ಲಿ ನಮ್ಮ ಕೋಲ್ಡ್ ಸ್ಟೋರೇಜಿನ ಗೋಡೆಗೆ ಅಂಟಿಕೊಂಡೇ ಮಗ್ಗಗಳ ಶೆಡ್ಡು. ಆ ಸದ್ದಿನ ಮರೆಯಲ್ಲಿ ನಿಂತು ನಾನು ಪದ್ಮಕ್ಕನಿಗೆ ಸುಳ್ಳು ಹೇಳಿದೆ. ಅದೂ ಅವರ ಜೈನ ವ್ರತ ಕೆಡಿಸುವಂಥ ಸುಳ್ಳು. ಈಗ ಅವರಿಲ್ಲ.

ಪದ್ಮಕ್ಕ ನನ್ನ ಯಜಮಾನರ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ದಾನೋಳಿಯಿಂದ ತವರಿಗೆ ಬಂದವರು. ಕಾನ್ವೆಂಟಿನಲ್ಲಿ ಕಲಿತ ನನ್ನನ್ನು "ಮೇಡಮ್ಮಾ" ಎಂದು ಕಾಡುತ್ತಲೇ ಹೋಳಿಗೆ ಲಟ್ಟಿಸುವುದನ್ನು ಕೈಹಿಡಿದು ಕಲಿಸಿದವರು. ನೀರು ಸೋಸದೆ ಕುಡಿದವರಲ್ಲ, ಬ್ರೆಡ್ ಮುಟ್ಟಿದವರಲ್ಲ — ಹುಳಿ ಬಂದದ್ದರಲ್ಲಿ ಜೀವ ಇರುತ್ತದೆಂದು. ನಮ್ಮ ಸ್ಟೋರೇಜಿನ ಸೇಬಿಗೆ ಬೂಷ್ಟು ಹತ್ತದಂತೆ ಹಚ್ಚುತ್ತಿದ್ದ ಔಷಧವನ್ನೂ ನಿಲ್ಲಿಸಿದ್ದು ಅವರೇ. "ವಿಷಾ ಹಚ್ಚಿದ ಸಫರಚಂದ ಮಂದಿಗೆ ತಿನಸೂದ ಬ್ಯಾಡ."

ನಾನಾಗ ಕೊಲ್ಹಾಪುರದ ಕಾಲೇಜಿನಿಂದ ರಿಟೈರ್ ಆಗಿದ್ದೆ — ಮೈಕ್ರೋಬಯಾಲಜಿ. ಸೇಬಿನ ಸಿಪ್ಪೆಯ ಮೇಲೆಯೇ ಇರುವ ಒಂದು ಯೀಸ್ಟನ್ನು ಹಳೆಯ ಲ್ಯಾಬಿನಲ್ಲಿ ಬೆಳೆಸಿ ತಂದೆ. ಅದನ್ನು ಕಲಸಿದ ನೀರಿನಲ್ಲಿ ಹಣ್ಣು ಅದ್ದಿದರೆ ಗಾಯವಾದ ಜಾಗದಲ್ಲಿ ಯೀಸ್ಟೇ ಮೊದಲು ಕೂತು, ಅಲ್ಲಿಯ ಸಕ್ಕರೆ ತಿಂದು, ಬೂಷ್ಟಿಗೆ ಜಾಗವನ್ನೇ ಬಿಡುವುದಿಲ್ಲ. ಸೋ ಸಿಂಪಲ್! ನನಗೆ ಹಿಗ್ಗೋ ಹಿಗ್ಗು.

ಬಕೆಟ್ಟಿನಲ್ಲಿದ್ದ ಬಿಳಿಚು ನೀರನ್ನು ನೋಡಿ ಪದ್ಮಕ್ಕ ಕೇಳಿದರು, "ಜೀವ ಐತೇನ ಇದರಾಗ?"

ಕೇಳಿಸಿತ್ತು. ಮಗ್ಗದ ಸದ್ದಿಗೆ ಕೇಳಿಸದವಳಂತೆ ನಿಂತೆ. ಅವರು ಕಿವಿಯ ಹತ್ತಿರವೇ ಬಂದು ಮತ್ತೆ ಕೇಳಿದರು.

"ಇಲ್ಲರೀ ಅಕ್ಕಾ. ಬರೇ ಪುಡಿ ಕಲಸಿದ ನೀರದು."

"ಆತು ಬಿಡು. ಮೇಡಮ್ಮ ಹೇಳಿದ ಮ್ಯಾಲ ಮುಗೀತು!" ನಕ್ಕರು.

ನಿಜ ಹೇಳಿದ್ದರೆ ಬೇಡವೆನ್ನುತ್ತಿದ್ದರು, ನನ್ನ ಎಕ್ಸ್‌ಪೆರಿಮೆಂಟ್ ಅಲ್ಲಿಗೇ ನಿಲ್ಲುತ್ತಿತ್ತು — ಇಷ್ಟೇ ನನ್ನ ಕಾರಣ.

ಫಾಲ್ಗುಣದ ಎಂಟು ದಿನದ ಉಪವಾಸ ಮುಗಿಸಿ ಪಾರಣೆಗೆ ಅವರು ಆರಿಸಿಕೊಂಡದ್ದು ಅದೇ ಸೇಬು. ಒಂದು ಕಲೆಯೂ ಇರಲಿಲ್ಲ. ಹೆಚ್ಚಿ, ಮೊದಲ ಹೋಳನ್ನು ನನ್ನ ಬಾಯಿಗೇ ಇಟ್ಟರು. "ನಿನ್ನ ಕೈಗುಣಾ, ಸುಮಾ." ಆಮೇಲೆ ತಾವು ತಿಂದರು. ನಾನು — ನೋಡುತ್ತ ಕೂತೆ.

ಎರಡು ವರ್ಷದ ಮೇಲೆ ದೀಕ್ಷೆಗೆ ಹೊರಟ ದಿನ, ಪದ್ಧತಿಯಂತೆ ಮನೆಯವರೆಲ್ಲರ ಕ್ಷಮೆ ಕೇಳಿದರು. ನನ್ನ ಮುಂದೆಯೂ ಕೈಮುಗಿದು, "ಮೇಡಮ್ಮಾ ಅಂತ ಭಾಳ ಕಾಡೇನಿ. ಕ್ಷಮಾ ಮಾಡವಾ." ಆಗ ನಾನೂ ಕೇಳಬೇಕಿತ್ತು. ಕೇಳಿದೆ ಕೂಡ — "ನಂದೇನರ ತಪ್ಪಿದ್ರ ಕ್ಷಮಾ ಮಾಡ್ರಿ, ಅಕ್ಕಾ."

ಏನರ! ಏನೆಂದು ಗೊತ್ತಿದ್ದೂ "ಏನರ" ಎಂದೆ.

ಕೊನೆಯ ಸಲ ಅವರನ್ನು ನೋಡಿದ್ದು ಗಡಹಿಂಗ್ಲಜದಲ್ಲಿ. ಬಿಳಿ ಸೀರೆ, ಬರಿಗಾಲು, ಕೈಯಲ್ಲಿ ಹುಳಹುಪ್ಪಡಿ ಸರಿಸುವ ನವಿಲುಗರಿಯ ಪಿಂಛಿ. ಬೆಳಿಗ್ಗೆ ಸಂಘದೊಡನೆ ಚಂದಗಡದ ದಾರಿ ಹಿಡಿದಿದ್ದರು. ಅಲ್ಲಿ ಮಗ್ಗಗಳಿರಲಿಲ್ಲ, ಪಿಸುಗುಟ್ಟಿದ್ದರೂ ಕೇಳಿಸುತ್ತಿತ್ತು. ನಾನು ನಮಸ್ಕಾರ ಮಾಡಿದೆ, ಅಷ್ಟೇ. ಅವರು ಬಾಗಿ, ಏನೂ ಕಾಣದ ಆ ನೆಲವನ್ನು ಪಿಂಛಿಯಿಂದ ಮೆಲ್ಲಗೆ ಸವರಿ, ಆಮೇಲೆ ಹೆಜ್ಜೆ ಇಟ್ಟರು.